ಲೆಕ್ಕದ ರೈಲೇ ಬೇರೆ, ಡೊಂಬಿವಲಿ ಲೋಕಲ್ಲೇ ಬೇರೆ

ಸಂಪಾದಕರಿಗೆ ನಮಸ್ಕಾರ,

"ಒಂದು ರೈಲು ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಲಿಸುತ್ತಿದೆ, 240 ಕಿ.ಮೀ. ದೂರ ಕ್ರಮಿಸಲು ಎಷ್ಟು ಸಮಯ ಬೇಕು?" ಏಳನೇ ಕ್ಲಾಸಿನ ಸೈನ್ಸಲ್ಲಿ ಚಲನೆ, ವೇಗ, ಕಾಲ ಅಂತ ಪಾಠ ಬಂತು ಅಂದ್ರೆ ಲೆಕ್ಕ ಇದೇ ಧಾಟಿ, ನಾವು ಮಾಡಿದ್ದೂ ಇದೇ, ಈಗಿನ ಮಕ್ಕಳು ಮಾಡ್ತಿರೋದೂ ಇದೇ. ನಾಲ್ಕು ಗಂಟೆ ಅಂತ ಬರೆದ್ರೆ ಮಾರ್ಕು ಬಂತು, ಮುಗೀತು. ಯಾವ ರೈಲು ಸ್ವಾಮಿ ಅದು? ಹೊರಡೋವಾಗ್ಲೇ 60, ನಿಲ್ಲೋವಾಗ್ಲೂ 60, ಮಧ್ಯೆ ಸಿಗ್ನಲ್ ಇಲ್ಲ, ಸ್ಟೇಷನ್ ಇಲ್ಲ, ಥಾಣೆ ಬಂದಾಗ ಇಳಿಯೋರು ಹತ್ತೋರ ತಳ್ಳಾಟ ಇಲ್ಲ. ಮುಂಬೈಯಲ್ಲಿ ಹುಟ್ಟಿ ಲೋಕಲ್ಲಲ್ಲೇ ಬೆಳೆದ ಮಕ್ಕಳಿಗೆ ಇಂಥ ರೈಲನ್ನ ಕೊಟ್ಟು ಸ್ಪೀಡ್ ಅಂದ್ರೇನು ಅಂತ ಕಲಿಸ್ತಾ ಇದೀವಲ್ಲ, ಇದರ ಬಗ್ಗೆ ನಾಲ್ಕು ಮಾತು ಬರೀಬೇಕು ಅಂತ ಬಹಳ ದಿನದಿಂದ ಇತ್ತು.

ನಾನು ಡೊಂಬಿವಲಿಯಲ್ಲಿ ಸಂಜೆ ಹೊತ್ತು ಟ್ಯೂಷನ್ ಹೇಳ್ಕೊಡೋನು. ಬರೋ ಮಕ್ಕಳು ಹೆಚ್ಚುಕಡಿಮೆ ನಮ್ಮವರೇ, ಉಡುಪಿ ಕುಂದಾಪುರ ಕಡೆಯವರು ಜಾಸ್ತಿ, ಒಂದಷ್ಟು ವಿಜಾಪುರ ಕಲಬುರ್ಗಿ ಕಡೆಯವರು, ಶಾಲೆ ಇಂಗ್ಲಿಷ್ ಮೀಡಿಯಮ್ಮೋ ಮರಾಠಿಯೋ, ಮನೇಲಿ ತುಳು ಇಲ್ಲಾ ಕನ್ನಡ. ಲೆಕ್ಕದಲ್ಲಿ ಇವರು ಹಿಂದೆ ಬಿದ್ದಿಲ್ಲ, ಗಂಟೆಗೆ 72 ಕಿ.ಮೀ. ಅಂದ್ರೆ ಸೆಕೆಂಡಿಗೆ ಎಷ್ಟು ಮೀಟರ್ ಅಂದ್ರೆ 5 ಭಾಗಿಸು 18ರಿಂದ ಗುಣಿಸಿ 20 ಅಂತ ಬಾಯಿ ಮುಚ್ಚೋದ್ರೊಳಗೆ ಹೇಳ್ತಾರೆ. ಆದ್ರೆ "ನಿಮ್ಮಪ್ಪ ದಿನಾ ಹೋಗೋ ಲೋಕಲ್ ಎಷ್ಟು ಸ್ಪೀಡಲ್ಲಿ ಹೋಗುತ್ತೆ?" ಅಂತ ಕೇಳಿದ್ರೆ ಒಬ್ಬ 100 ಅಂತಾನೆ, ಇನ್ನೊಬ್ಬ 150 ಅಂತಾನೆ, ಒಬ್ಬಳು ಹುಡುಗಿ ಮಾತ್ರ "ಸರ್, ಫಾಸ್ಟಾ ಸ್ಲೋನಾ?" ಅಂತ ತಿರುಗಿ ಕೇಳಿದ್ಳು, ಅವಳಿಗೆ ಅಲ್ಲೇ ಪೂರ್ತಿ ಮಾರ್ಕು ಕೊಟ್ಟೆ.

ಸುಮ್ನೆ ಕೂತು ಲೆಕ್ಕ ಹಾಕೋಣ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ, ಅಂದ್ರೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ, ಹತ್ರ ಹತ್ರ 48 ಕಿ.ಮೀ. ಎಲ್ಲಾ ಸ್ಟೇಷನ್ನಲ್ಲೂ ನಿಲ್ಲೋ ಸ್ಲೋ ಗಾಡಿ ಒಂದು ಗಂಟೆ ಇಪ್ಪತ್ತು ನಿಮಿಷ ತಗೊಳ್ತು ಅಂತಿಟ್ಕೊಳ್ಳಿ, ಸರಾಸರಿ ಬರೋದು ಗಂಟೆಗೆ 36 ಕಿ.ಮೀ. ಫಾಸ್ಟ್ ಗಾಡಿ ಒಂದು ಗಂಟೆಗೆ ತಲುಪಿಸ್ತು ಅಂದ್ರೆ 48. ಇಷ್ಟೇನಾ ಅಂತ ಮಕ್ಕಳಿಗೆ ಭಾರೀ ಬೇಜಾರು. ಗಾಡಿಗೆ 100ರ ಆಸುಪಾಸು ಓಡೋ ತಾಕತ್ತಿದೆ, ಹಾಗಾದ್ರೆ ಉಳಿದಿದ್ದು ಎಲ್ಲಿ ಹೋಯ್ತು? ಈ ಪ್ರಶ್ನೆ ಮಗುವಿನ ತಲೆಗೆ ಬಂತು ನೋಡಿ, ಅಲ್ಲಿಂದ ಪಾಠ ಶುರು. ಪುಸ್ತಕದ 60ರ ರೈಲು ಈ ಪ್ರಶ್ನೆನ ಹುಟ್ಟೋಕೇ ಬಿಡಲ್ಲ.

ಎಲ್ಲಿ ಹೋಯ್ತು ಅಂದ್ರೆ, ಮಧ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸ್ಟೇಷನ್ ಇದಾವೆ, ಒಂದೊಂದರಲ್ಲೂ ಅರ್ಧ ನಿಮಿಷ ನಿಂತ್ರೂ ಹತ್ತು ಹನ್ನೊಂದು ನಿಮಿಷ ಅಲ್ಲೇ ಖರ್ಚು. ಅದಕ್ಕಿಂತ ದೊಡ್ಡ ಖರ್ಚು ಗಾಡಿ ಸ್ಪೀಡ್ ಹಿಡಿಯೋದ್ರಲ್ಲಿ, ಆಮೇಲೆ ಬ್ರೇಕ್ ಹಾಕೋದ್ರಲ್ಲಿ. ಲೋಕಲ್ ಒಂದೊಂದು ಸೆಕೆಂಡಲ್ಲೂ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಸ್ಪೀಡ್ ಏರಿಸ್ಕೊಂಡ್ ಹೋಗುತ್ತೆ ಅಂತ ಹಿಡಿದ್ರೆ 80 ಮುಟ್ಟೋಕೆ 44 ಸೆಕೆಂಡ್ ಬೇಕು, ಅಷ್ಟರಲ್ಲಿ ಅರ್ಧ ಕಿ.ಮೀ. ಕಳೆದೇ ಹೋಗಿರುತ್ತೆ. ಈಗ ಚಿಂಚ್‌ಪೋಕ್ಲಿಯಿಂದ ಕರಿ ರೋಡಿಗೆ ಇರೋದೇ ಹೆಚ್ಚೆಂದ್ರೆ ಒಂದು ಕಿ.ಮೀ., 80 ಮುಟ್ಟಿ ಉಸಿರು ಬಿಡೋದ್ರೊಳಗೆ ಬ್ರೇಕ್ ಹಾಕ್ಬೇಕು. ಹಾಗಾಗಿ ಆ ಗಾಡಿ 36ರಲ್ಲಿ ಹೋಗ್ತಿದೆ ಅಂತ ನಾವು ಹೇಳ್ತೀವಲ್ಲ, ನಿಜ ಹೇಳ್ಬೇಕಂದ್ರೆ ಅದು 36ರಲ್ಲಿ ಇರೋದು ಸ್ಪೀಡ್ ಏರುವಾಗ ಒಂದು ಕ್ಷಣ, ಇಳಿಯುವಾಗ ಇನ್ನೊಂದು ಕ್ಷಣ, ಅಷ್ಟೇ. ಸರಾಸರಿ ಅನ್ನೋದು ನಾವು ಕೊನೇಲಿ ದೂರನ ಟೈಮಿಂದ ಭಾಗಿಸಿ ತೆಗೆಯೋದು, ಡ್ರೈವರ್ ಮುಂದಿರೋ ಸ್ಪೀಡೋಮೀಟರ್ ತೋರಿಸೋದು ಆ ಕ್ಷಣದ್ದು.

ಸರಾಸರಿಯಲ್ಲಿ ಇನ್ನೊಂದು ಗುಂಡಿ ಇದೆ, ದೊಡ್ಡೋರೂ ಬೀಳ್ತಾರೆ. ಹೋಗೋವಾಗ ಸ್ಲೋದಲ್ಲಿ 36, ಬರೋವಾಗ ಫಾಸ್ಟಲ್ಲಿ 48, ಎರಡೂ ಸೇರಿ ಸರಾಸರಿ ಎಷ್ಟು? ಕೂಡಿಸಿ ಅರ್ಧ ಮಾಡಿ 42 ಅಂತಾರೆ. ಒಟ್ಟು ದೂರ 96 ಕಿ.ಮೀ., ಒಟ್ಟು ಟೈಮ್ ಎರಡು ಗಂಟೆ ಇಪ್ಪತ್ತು ನಿಮಿಷ, ಭಾಗಿಸಿದ್ರೆ 41 ಚಿಲ್ಲರೆ. ಯಾಕಂದ್ರೆ ಸ್ಲೋ ಗಾಡಿಲಿ ಜಾಸ್ತಿ ಹೊತ್ತು ಕೂತಿರ್ತೀವಿ, ಅದರ ತೂಕ ಜಾಸ್ತಿ. ಒಂದು ಕಿ.ಮೀ. ವ್ಯತ್ಯಾಸ ತಾನೇ ಅಂತ ಬಿಡೋ ಹಾಗಿಲ್ಲ, ಹೋಗೋವಾಗ 20 ಬರೋವಾಗ 60 ಅಂತ ಹಾಕಿ ನೋಡಿ, 40 ಅಂದ್ಕೊಂಡೋರಿಗೆ 30 ಬರುತ್ತೆ.

ಈ ಸ್ಪೀಡನ್ನ ಮಗು ತಾನೇ ಅಳೀಬಹುದು, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಹಳಿ ಪಕ್ಕ ಕರೆಂಟ್ ತಂತಿ ಹೊತ್ಕೊಂಡ್ ನಿಂತಿರೋ ಕಂಬಗಳು ಇದಾವಲ್ಲ, ಒಂದೊಂದಕ್ಕೂ ಸಣ್ಣ ನಂಬರ್ ಪ್ಲೇಟ್ ಇರುತ್ತೆ, ಮೇಲೆ ಕಿಲೋಮೀಟರ್, ಕೆಳಗೆ ಆ ಕಿಲೋಮೀಟರಿನಲ್ಲಿ ಎಷ್ಟನೇ ಕಂಬ ಅನ್ನೋದು. ಇಲ್ಲಿಂದ ಸಿಎಸ್‌ಎಂಟಿ ಕಡೆ ಹೋಗ್ತಾ ಮೇಲಿನ ನಂಬರ್ ಒಂದೊಂದೇ ಇಳೀತಾ ಬರುತ್ತೆ. ನಂಬರ್ ಬದಲಾದ ಕಂಬ ಕಂಡ ತಕ್ಷಣ ಮೊಬೈಲಲ್ಲಿ ಸ್ಟಾಪ್‌ವಾಚ್ ಒತ್ತೋದು, ಮತ್ತೆ ಬದಲಾದಾಗ ನಿಲ್ಲಿಸೋದು, 3600ನ್ನ ಆ ಸೆಕೆಂಡಿಂದ ಭಾಗಿಸೋದು. 60 ಸೆಕೆಂಡ್ ಬಂದ್ರೆ ಗಂಟೆಗೆ 60 ಕಿ.ಮೀ., 45 ಬಂದ್ರೆ 80, 36 ಬಂದ್ರೆ 100. ಮಕ್ಕಳಿಗೆ ಇದನ್ನ ಹೇಳ್ಕೊಟ್ಟ ಮೇಲೆ ಭಾನುವಾರ ಅಪ್ಪನ ಜೊತೆ ದಾದರಿಗೆ ಹೋಗಿ ಬಂದ ಒಬ್ಬ, ಥಾಣೆಗಿಂತ ಮುಂಚೆ ಒಂದು ಕಡೆ 47 ಸೆಕೆಂಡು, ಕುರ್ಲಾ ಹತ್ರ ಒಂದೂವರೆ ನಿಮಿಷ ಅಂತ ಚೀಟಿಲಿ ಬರ್ಕೊಂಡ್ ಬಂದಿದ್ದ, ಅಂದ್ರೆ ಒಂದು ಕಡೆ 76, ಇನ್ನೊಂದು ಕಡೆ 40. ಒಂದೇ ಗಾಡಿ, ಒಂದೇ ಪ್ರಯಾಣ. ಅವನಿಗೆ ಇನ್ನು ಸರಾಸರಿ ಬಗ್ಗೆ ನಾನು ಭಾಷಣ ಮಾಡೋ ಅಗತ್ಯ ಇಲ್ಲ. (ಬಾಗಿಲಲ್ಲಿ ನೇತಾಡ್ಕೊಂಡು ಕಂಬ ಎಣಿಸೋ ಹಾಗಿಲ್ಲ, ಕಿಟಕಿ ಸೀಟ್ ಸಿಕ್ಕಿದ್ರೆ ಮಾತ್ರ ಅಂತ ಮೊದಲೇ ಕಟ್ಟುನಿಟ್ಟಾಗಿ ಹೇಳಿರ್ತೀನಿ, ಕಿಟಕಿ ಸೀಟ್ ಸಿಗ್ಬೇಕಂದ್ರೆ ಭಾನುವಾರವೇ ಆಗ್ಬೇಕು ಅನ್ನೋದು ನಿಮಗೂ ಗೊತ್ತು.) ಹಿಂದೆಲ್ಲ ಹಳಿ ಜಾಯಿಂಟಿನ ಖಟ್ ಖಟ್ ಸದ್ದೇ ಸಾಕಿತ್ತು, 13 ಮೀಟರಿನ ಹಳಿ ಆದ್ರೆ 47 ಸೆಕೆಂಡಲ್ಲಿ ಎಷ್ಟು ಖಟ್ ಕೇಳಿಸ್ತೋ ಗಂಟೆಗೆ ಅಷ್ಟೇ ಕಿ.ಮೀ., ಈಗ ಉದ್ದಕ್ಕೆ ವೆಲ್ಡ್ ಮಾಡಿಬಿಟ್ಟಿದಾರೆ, ಆ ಸದ್ದೂ ಹೋಯ್ತು ಆ ಲೆಕ್ಕವೂ ಹೋಯ್ತು.

ದೂರ-ಕಾಲದ ಗ್ರಾಫ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಮಕ್ಕಳು ಗ್ರಾಫ್ ಪೇಪರಲ್ಲಿ ಸ್ಕೇಲಿಟ್ಟು ಒಂದು ಓರೆ ಗೆರೆ ಎಳೆದು ಇದು ಯೂನಿಫಾರ್ಮ್ ಮೋಷನ್ (ಒಂದೇ ವೇಗದ ಚಲನೆ) ಅಂತ ಬರೀತಾರೆ, ಇದೆಲ್ಲ ಯಾತಕ್ಕೆ ಬರುತ್ತೆ ಸರ್ ಅಂತ ಕೇಳ್ತಾರೆ. ರೈಲ್ವೆಯ ಕಂಟ್ರೋಲ್ ಆಫೀಸಲ್ಲಿ ಗಾಡಿ ಓಡಿಸೋದೇ ಈ ಗ್ರಾಫ್ ಮೇಲೆ! ಒಂದು ಬದಿಗೆ ಸ್ಟೇಷನ್ನುಗಳು ದೂರದ ಪ್ರಕಾರ, ಇನ್ನೊಂದು ಬದಿಗೆ ಗಂಟೆ ನಿಮಿಷ, ಒಂದೊಂದು ಗಾಡಿನೂ ಒಂದೊಂದು ಗೆರೆ. ಗೆರೆ ಕಡಿದಾಗಿದ್ರೆ ಫಾಸ್ಟು, ಮಲಗಿದ್ರೆ ಗಾಡಿ ನಿಂತಿದೆ. ಒಂದೇ ದಿಕ್ಕಿನ ಎರಡು ಗೆರೆ ಒಂದನ್ನೊಂದು ದಾಟಿದ್ರೆ ಹಿಂದಿನ ಗಾಡಿ ಮುಂದಿನದ್ದನ್ನ ದಾಟಿದೆ ಅಂತ, ಅದಕ್ಕೆ ಇನ್ನೊಂದು ಲೈನ್ ಬೇಕು, ಇಲ್ಲಾಂದ್ರೆ ಒಬ್ಬರು ಎಲ್ಲೋ ಒಂದು ಕಡೆ ಕಾಯ್ಬೇಕು. ನಾವು ಪ್ಲಾಟ್‌ಫಾರ್ಮಲ್ಲಿ ನಿಂತು "ಈ ಮೇಲ್ ಗಾಡಿ ಬಿಟ್ಟು ನಮ್ಮನ್ನ ಯಾಕೆ ನಿಲ್ಲಿಸಿದ್ರು" ಅಂತ ಬೈತೀವಲ್ಲ, ಆ ನಿರ್ಧಾರ ಮಾಡೋರ ಕಣ್ಣೆದುರು ಇರೋದು ಏಳನೇ ಕ್ಲಾಸಿನ ಗ್ರಾಫೇ. ನಮ್ಮ ಮಕ್ಕಳಿಗೆ ಟೈಮ್‌ಟೇಬಲ್ ಕೊಟ್ಟು ಒಂದು ಸ್ಲೋ ಒಂದು ಫಾಸ್ಟ್ ಗೆರೆ ಎಳೆಸಿದ್ರೆ ಎಲ್ಲಿ ಫಾಸ್ಟು ಸ್ಲೋನ ಹಿಡಿಯುತ್ತೆ ಅಂತ ಅವರೇ ಬೆರಳಿಟ್ಟು ತೋರಿಸ್ತಾರೆ. ಊರಿಗೆ ಹೋಗೋ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿಂದೂ ಎಳೆಸಬಹುದು, ಮಳೆಗಾಲದ ಟೈಮ್‌ಟೇಬಲ್ ಬೇರೆ ಇರುತ್ತಲ್ಲ, ಗುಡ್ಡ ಜರಿಯೋ ಭಯಕ್ಕೆ ಕೊಂಕಣ ರೈಲ್ವೆಯಲ್ಲಿ ಸ್ಪೀಡ್ ಇಳಿಸ್ತಾರೆ, ಅದೇ ಗಾಡಿ ಅದೇ ದೂರ, ಗೆರೆ ಮಾತ್ರ ಜೂನಲ್ಲಿ ಸ್ವಲ್ಪ ಮಲಗುತ್ತೆ.

ಇನ್ನು ನನಗೆ ನಿಜವಾಗ್ಲೂ ಸಿಟ್ಟು ಬರೋ ವಿಷಯ, ಪ್ರಾಕ್ಟಿಕಲ್ ಜರ್ನಲ್. ನನ್ನ ಹತ್ರ ಬರೋ ಹುಡುಗ ಒಬ್ಬ ಪೆಂಡುಲಮ್ ಪ್ರಯೋಗದ ಜರ್ನಲ್ ತೋರಿಸಿದ, ಶಾಲೆ ಹೆಸರು ಬೇಡ ಬಿಡಿ. ಒಂದು ಮೀಟರ್ ದಾರ, 20 ಸಲ ಆಡೋಕೆ ಎಷ್ಟು ಸೆಕೆಂಡ್ ಅಂತ ಕಾಲಮ್ಮು, ಮೂರು ಸಲ ಅಳೆದು ಬರೀಬೇಕು. ಮೂರರಲ್ಲೂ 40.00. ಪಕ್ಕದೋನದ್ದೂ 40.00, ಇಡೀ ಕ್ಲಾಸಿಂದೂ 40.00, ಯಾಕಂದ್ರೆ ಬೋರ್ಡಲ್ಲಿ ಟೀಚರ್ ಬರೆದಿದ್ದೇ ಹಾಗೆ, ದಾರ ಕಟ್ಟಿದೋರೇ ಯಾರೂ ಇಲ್ಲ. ಒಬ್ಬ ಪಾಪ ಮನೇಲಿ ನಿಜವಾಗಿ ಅಳೆದು 40.3, 39.8, 40.5 ಅಂತ ಬರೆದಿದ್ನಂತೆ, ಅದಕ್ಕೆ ಕೆಂಪು ಪೆನ್ನಲ್ಲಿ ಅಡ್ಡ ಗೆರೆ. ಎಂಥ ಅನ್ಯಾಯ ನೋಡಿ, ಇಡೀ ಕ್ಲಾಸಲ್ಲಿ ವಿಜ್ಞಾನ ಮಾಡಿದೋನು ಅವನೊಬ್ಬ. ಬಟನ್ ಒತ್ತೋ ಬೆರಳು ಪ್ರತಿ ಸಲ ಸ್ವಲ್ಪ ಹಿಂದೆ ಮುಂದೆ ಆಗೇ ಆಗುತ್ತೆ, ಅದಕ್ಕೇ ಒಂದು ಸಲ ಆಡೋದನ್ನ ಅಳೆಯದೆ 20 ಸಲ ಅಳೆದು ಭಾಗಿಸೋದು, ಬೆರಳಿನ ತಪ್ಪೂ 20 ಪಾಲಾಗಿ ಹಂಚಿ ಹೋಗ್ಲಿ ಅಂತ. ಮೂರು ಸಲ ಬೇರೆ ಬೇರೆ ಬಂದ್ರೇನೇ ಅಳೆದಿದಾನೆ ಅಂತ ಅರ್ಥ.

ನಮ್ಮ ಟ್ಯೂಷನ್ನಲ್ಲಿ ಕಿಟಕಿ ಸರಳಿಗೆ ದಾರ ಕಟ್ಟಿ ಇದನ್ನೇ ಮಾಡ್ಸಿದೆ. ತೂಕ ಬದಲಾಯಿಸಿದ್ರೆ ಟೈಮ್ ಬದಲಾಗಲ್ಲ ಅಂತ ಪುಸ್ತಕದಲ್ಲಿದೆ. 50 ಸೆಂ.ಮೀ. ದಾರಕ್ಕೆ ಸಣ್ಣ ನಟ್ ಕಟ್ಟಿದಾಗ 20 ಸಲಕ್ಕೆ 28 ಸೆಕೆಂಡ್ ಚಿಲ್ಲರೆ ಬಂತು, ಅದೇ ದಾರಕ್ಕೆ ಶಟರಿನ ದೊಡ್ಡ ಬೀಗ ಕಟ್ಟಿದ್ರೆ 29 ದಾಟಿ 30ರ ಹತ್ರ ಹೋಯ್ತು. ಪುಸ್ತಕ ತಪ್ಪು ಸರ್ ಅಂತ ಎಲ್ರೂ ಕೂಗಾಡಿದ್ರು, ನಾನೂ ಬಿಟ್ಟೆ, ಕೂಗ್ಲಿ ಅಂತ. ಆಮೇಲೆ ಒಬ್ಬಳು ಸ್ಕೇಲ್ ಹಿಡಿದು ನೋಡಿ, ನಾವು ಗಂಟಿನ ತನಕ ಮಾತ್ರ ಅಳೆದಿದೀವಿ, ಬೀಗ ಅದರ ಕೆಳಗೆ ಇನ್ನೂ ಜೋತಾಡ್ತಿದೆ, ಬೀಗದ ಮಧ್ಯದ ತನಕ ಅಳೆದ್ರೆ ಉದ್ದ 54 ಆಗುತ್ತೆ ಅಂದ್ಳು. ದಾರ ನಾಲ್ಕು ಸೆಂ.ಮೀ. ಮೇಲಕ್ಕೆ ಕಟ್ಟಿ ಮತ್ತೆ ಅಳೆದ್ರು, ಬಂತು 28 ಚಿಲ್ಲರೆ. ಉದ್ದ ಅಂದ್ರೆ ತೂಕದ ಮಧ್ಯಬಿಂದುವಿನ ತನಕ ಅನ್ನೋ ಸಾಲು ಪುಸ್ತಕದಲ್ಲಿ ಮೊದಲಿಂದ್ಲೂ ಇತ್ತು, ಅದನ್ನ ಓದಿ ಪಾಸಾದೋರು ಎಷ್ಟು ಜನ. ಗೆಲಿಲಿಯೋ ಇಳಿಜಾರಲ್ಲಿ ಗುಂಡು ಉರುಳಿಸಿದಾಗ ಅವನ ಹತ್ರ ಸೆಕೆಂಡ್ ತೋರಿಸೋ ಗಡಿಯಾರವೇ ಇರ್ಲಿಲ್ಲ, ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನ ತೂಕ ಮಾಡಿ ಟೈಮ್ ಅಳೆದ. ಡಚ್ ವಿಜ್ಞಾನಿ ಹೈಗೆನ್ಸ್ ಪೆಂಡುಲಮ್ ಗಡಿಯಾರ ಮಾಡಿದ್ದು 1656ರಲ್ಲಿ, ಗೆಲಿಲಿಯೋ ಸತ್ತು 14 ವರ್ಷ ಆದ್ಮೇಲೆ. ಈಗ ಮಕ್ಕಳ ಕೈಲಿ ಸೆಕೆಂಡಿನ ನೂರನೇ ಒಂದು ಭಾಗ ತೋರಿಸೋ ಫೋನಿದೆ, ಬರೆಯೋದು ಬೋರ್ಡ್ ನೋಡಿ.

ಟೈಮಿನ ಪಾಠಕ್ಕೂ ಈ ಊರಿನಷ್ಟು ಒಳ್ಳೆ ಊರಿಲ್ಲ. 8.14ರ ಗಾಡಿ, 8.21ರ ಗಾಡಿ ಅಂತ ನಿಮಿಷದ ಹೆಸರಲ್ಲೇ ಗಾಡಿ ಕರೆಯೋ ಜನ ನಾವು. ಈ ನಿಮಿಷ ಎಲ್ಲಿಂದ ಬಂತು ಅಂತ ಕೇಳಿದ್ರೆ ಕಥೆ ದೊಡ್ಡದು. ಹಿಂದೆ ಬೊಂಬಾಯಿಗೆ ತನ್ನದೇ ಟೈಮ್ ಇತ್ತು, ಗ್ರೀನ್‌ವಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ. ರೈಲ್ವೆಯವರು ಓಡಿಸ್ತಿದ್ದಿದ್ದು ಮದ್ರಾಸ್ ಟೈಮಲ್ಲಿ, ಅದು ಇನ್ನೂ ಅರ್ಧ ಗಂಟೆ ಮುಂದೆ. ಅಂದ್ರೆ ಊರಿನ ಗಡಿಯಾರ ನೋಡ್ಕೊಂಡು ನಿಧಾನಕ್ಕೆ ಹೊರಟೋನಿಗೆ ಗಾಡಿ ಹೋಗಿ ಅರ್ಧ ಗಂಟೆ! 1906ರಲ್ಲಿ ಐದೂವರೆ ಗಂಟೆಯ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಬಂತು, ಅದು ಬೊಂಬಾಯಿ ಟೈಮಿಗಿಂತ 39 ನಿಮಿಷ ಮುಂದೆ, ಊರವರು ಒಪ್ಪಲಿಲ್ಲ, ನಮ್ಮ ಸೂರ್ಯ ನಮಗೆ ಅಂತ ಹಟ ಹಿಡಿದು 1955ರ ತನಕ ಹಳೇದನ್ನೂ ಇಟ್ಕೊಂಡಿದ್ರು.

ಆ 39 ನಿಮಿಷನ ಮಕ್ಕಳು ಟೆರೇಸ್ ಮೇಲೆ ಹಿಡೀಬಹುದು. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತೆ, ಒಂದು ಡಿಗ್ರಿಗೆ 4 ನಿಮಿಷ. ನಮ್ಮ ದೇಶದ ಟೈಮ್ ಇರೋದು 82.5 ಡಿಗ್ರಿ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಹತ್ರ ಹಾದು ಹೋಗೋ ಗೆರೆ, ಮುಂಬೈ ಇರೋದು 73ಕ್ಕೆ ಸ್ವಲ್ಪ ಕಮ್ಮಿ. ವ್ಯತ್ಯಾಸನ 4ರಿಂದ ಗುಣಿಸಿ ನೋಡಿ, 39ರ ಹತ್ರವೇ ಬರುತ್ತೆ. ನೆಟ್ಟಗೆ ಒಂದು ಕೋಲು ನಿಲ್ಲಿಸಿ ನೆರಳಿನ ತುದಿಗೆ ಗುರುತು ಹಾಕ್ತಾ ಹೋದ್ರೆ ಅತಿ ಗಿಡ್ಡ ನೆರಳು 12ಕ್ಕೆ ಬರಲ್ಲ, 12.39ರ ಆಚೀಚೆ ಬರುತ್ತೆ. ಆಚೀಚೆ ಅಂದಿದ್ದು ಯಾಕಂದ್ರೆ ಭೂಮಿಯ ಓರೆಯಿಂದ, ಕಕ್ಷೆ ಪೂರ್ತಿ ದುಂಡಗಿಲ್ಲದ್ದರಿಂದ ಫೆಬ್ರವರಿಯಲ್ಲಿ 12.53ಕ್ಕೆ ಹೋಗುತ್ತೆ, ನವೆಂಬರ್ ಶುರುವಲ್ಲಿ 12.22ಕ್ಕೇ ಬರುತ್ತೆ. ಮೇ ಮಧ್ಯದಲ್ಲಿ ಒಂದು ದಿನ ಸೂರ್ಯ ನೆತ್ತಿ ಮೇಲೇ ಬಂದು ಕೋಲಿಗೆ ನೆರಳೇ ಇರಲ್ಲ, ಆದ್ರೆ ಆಗ ಮಕ್ಕಳೆಲ್ಲ ಊರಲ್ಲಿರ್ತಾರೆ, ಉಡುಪಿ ಕಡೆ ನೆರಳಿಲ್ಲದ ದಿನ ಏಪ್ರಿಲ್ ಕೊನೆಗೇ ಮುಗಿದಿರುತ್ತೆ, ಎರಡೂ ತಪ್ಪುತ್ತೆ ಪಾಪ. ಟೆರೇಸಿನ ಬೀಗದ ಕೈ ಸೊಸೈಟಿ ಸೆಕ್ರೆಟರಿ ಹತ್ರ ಇರುತ್ತೆ, ಅದನ್ನ ಇಸ್ಕೊಳ್ಳೋದು ಈ ಪ್ರಯೋಗದಲ್ಲಿ ಕಷ್ಟದ ಭಾಗ. ಅಂದ ಹಾಗೆ ಊರಿಂದ ತರಿಸಿದ ಪಂಚಾಂಗ ನೋಡಿ ಇಲ್ಲಿ ಮುಹೂರ್ತ ಇಡೋರು ಗಮನಿಸಿ, ಮಂಗಳೂರು ನಮಗಿಂತ ಸುಮಾರು ಎರಡು ಡಿಗ್ರಿ ಪೂರ್ವಕ್ಕಿದೆ, ಅಲ್ಲಿಯ ಮಧ್ಯಾಹ್ನ ನಮ್ಮದಕ್ಕಿಂತ ಎಂಟು ನಿಮಿಷ ಮೊದಲು. ಒಂದು ಗಳಿಗೆಗೆ 24 ನಿಮಿಷ, ಅಂದ್ರೆ ಗಳಿಗೆಯ ಮೂರನೇ ಒಂದು ಪಾಲು ಅಲ್ಲೇ ಹೋಯ್ತು.

ಹಾಗಾಗಿ ನನ್ನದು ಎರಡು ಕೋರಿಕೆ. ಒಂದು ನಮ್ಮ ರಾತ್ರಿ ಶಾಲೆ, ಕನ್ನಡ ಸಂಘಗಳ ಕ್ಲಾಸು, ಟ್ಯೂಷನ್ ನಡೆಸೋ ಮೇಷ್ಟ್ರುಗಳಿಗೆ. ಸೂತ್ರ ಕೊಡಿ, ಬೇಡ ಅನ್ನಲ್ಲ, ಪರೀಕ್ಷೆಗೆ ಬೇಕು, ಆದ್ರೆ ಅದಕ್ಕಿಂತ ಮೊದಲು ಒಂದು ಸಲ ಮಕ್ಕಳ ಕೈಯಲ್ಲಿ ಏನಾದ್ರೂ ಅಳೆಸಿ, ಬಂದ ನಂಬರ್ ಸೊಟ್ಟ ಇದ್ರೂ ಹಾಗೇ ಬರೆಸಿ, ಕೆಂಪು ಪೆನ್ನು ಪಕ್ಕಕ್ಕಿಡಿ.

ಎರಡನೇದು ನಿಮ್ಮ ಪತ್ರಿಕೆಗೆ. ಹೊಸ ಗಾಡಿ ಬಂದಾಗೆಲ್ಲ 160 ಕಿ.ಮೀ. ವೇಗ ಅಂತ ದೊಡ್ಡ ಅಕ್ಷರದಲ್ಲಿ ಹಾಕ್ತೀರಿ, ಅದರ ಕೆಳಗೆ ಎಷ್ಟು ದೂರಕ್ಕೆ ಎಷ್ಟು ಗಂಟೆ ಅಂತಾನೂ ಒಂದು ಸಾಲು ಹಾಕಿ. ಸೊಲ್ಲಾಪುರದ ವಂದೇ ಭಾರತ್ ಸುಮಾರು 455 ಕಿ.ಮೀ.ಗೆ ಆರೂವರೆ ಗಂಟೆ ತಗೊಳ್ಳುತ್ತೆ, ಸರಾಸರಿ 70, ಘಾಟ್ ಹತ್ತಿ ಹೋಗೋ ಗಾಡಿಗೆ ಅದು ಕಮ್ಮಿಯೇನಲ್ಲ, ಓದುಗರಿಗೆ ಗೊತ್ತಾಗ್ಲಿ. ಹಾಗೇ ಪುಣೆ ಎಕ್ಸ್‌ಪ್ರೆಸ್‌ವೇಯನ್ನ ಮುಕ್ಕಾಲು ಗಂಟೆಲಿ ಮುಗಿಸ್ದೆ ಅಂತ ಕೊಚ್ಕೊಳ್ಳೋರನ್ನೂ ಮಕ್ಕಳು ಹಿಡೀತಾರೆ, 94.5 ಕಿ.ಮೀ. ಮುಕ್ಕಾಲು ಗಂಟೆ ಅಂದ್ರೆ ಸರಾಸರಿಯೇ 126, ಲಿಮಿಟ್ ಇರೋದು 100, ಘಾಟಲ್ಲಿ ಇನ್ನೂ ಕಮ್ಮಿ.

ಭಾನುವಾರದ ಮಕ್ಕಳ ಪುಟದಲ್ಲಿ ಒಂದು ಸಣ್ಣ ಜಾಗ ಕೊಟ್ರೆ ಇಂಥ ಲೆಕ್ಕಗಳನ್ನ ನಾನೇ ಬರೆದು ಕಳಿಸ್ತೀನಿ, ದುಡ್ಡು ಬೇಡ. ಮೊದಲನೇದು ಈಗಲೇ ತಗೊಳ್ಳಿ: ನೀವು ಹತ್ತಿದ ಗಾಡಿ ಯಾವ ಎರಡು ಸ್ಟೇಷನ್ ಮಧ್ಯೆ ಅತಿ ಜೋರಾಗಿ ಓಡಿತು, ಎಷ್ಟು ಸ್ಪೀಡು? ಉತ್ತರದ ಜೊತೆ ಕಂಬದ ನಂಬರೂ, ಸ್ಟಾಪ್‌ವಾಚಿನ ಸೆಕೆಂಡೂ ಬರೆದಿರಬೇಕು, ಬರೀ ಉತ್ತರ ಬಂದ್ರೆ ಛಾಪಿಸಬೇಡಿ.

ಇಂತಿ,
ಒಬ್ಬ ಟ್ಯೂಷನ್ ಮೇಷ್ಟ್ರು
ಡೊಂಬಿವಲಿ ಪೂರ್ವ